ಎಂಟನೇ ನಂಬರಿನ ಸೌಂಡ್

ದ್ರಾಕ್ಷಾಯಿಣಿಯ ಕೀಬೋರ್ಡಿಗೆ ಪೆಡಲ್ ಇರಲಿಲ್ಲ.

ಕೀಬೋರ್ಡ್ ಇತ್ತು. ಯಾವುದೋ ಆರ್ಕೆಸ್ಟ್ರಾದವರು ಬಳಸಿ ಬಿಟ್ಟಿದ್ದ ಜಪಾನಿ ಕೀಬೋರ್ಡ್. ಬೆರಳು ಇಟ್ಟಾಗ ಸ್ವರ ಹುಟ್ಟುತ್ತಿತ್ತು, ಎತ್ತಿದ ಕೂಡಲೇ ಸಾಯುತ್ತಿತ್ತು. ಬೆರಳೆತ್ತಿದ ಮೇಲೂ ಸ್ವರ ಉಳಿಯಬೇಕಾದರೆ ಕಾಲಿನಿಂದ ಒತ್ತುವ ಪೆಡಲ್ ಬೇಕು. ಅದು ಧಾರವಾಡದಲ್ಲೂ ಸಿಗಲಿಲ್ಲ, ಹುಬ್ಬಳ್ಳಿಯಲ್ಲೂ ಸಿಗಲಿಲ್ಲ.

ತೊಂಬತ್ತೊಂಬತ್ತರ ಜನವರಿ. ಹುಬ್ಬಳ್ಳಿಯ ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ಗುಲಾಬಸಾಬರ ರೇಡಿಯೋ ರಿಪೇರಿ ಅಂಗಡಿ. ಹಳೆಯ ಕೌದಿಯಲ್ಲಿ ಸುತ್ತಿದ ಕೀಬೋರ್ಡನ್ನು ಹೊತ್ತು ತಂದಿದ್ದ ದ್ರಾಕ್ಷಾಯಿಣಿ, ಅದನ್ನಿಡಲು ಜಾಗ ಮಾಡೋಣವೆಂದು ಟೇಬಲ್ಲಿನ ಮೇಲಿದ್ದ ಆಂಪ್ಲಿಫೈಯರಿಗೆ ಕೈ ಹಾಕಿದಳು.

“ಏ, ಮುಟ್ಟಬ್ಯಾಡ್ರಿ!”

ಅಷ್ಟರಲ್ಲಿ ಮುಟ್ಟಿಯಾಗಿತ್ತು.

ಕರೆಂಟ್ ತಾಗಿ ಮೊಣಕೈಯ ಮೇಲೆ ಯಾರೋ ಸುತ್ತಿಗೆಯಿಂದ ಹೊಡೆದಂತಾಯಿತು! ಕೂಗಬೇಕೆಂದರೆ ಬಾಯಿ ಬರಲಿಲ್ಲ. ಮರುಕ್ಷಣವೇ ಒಬ್ಬ ಯುವಕ ಮರದ ಸ್ಟೂಲಿನಿಂದ ಅವಳ ಕೈಯನ್ನು ಬದಿಗೆ ತಳ್ಳಿದ. ಅವಳು ಗೋಡೆಗೆ ಒರಗಿ ಕುಸಿದಳು.

“ಕಣ್ಣ ಇಲ್ಲೇನ್ರಿ? ಬಿಚ್ಚಿಟ್ಟದ್ದು ಕಾಣ್ಸೂದಿಲ್ಲ?”

ಮೊದಲ ಭೇಟಿಯಲ್ಲಿ, ಅಂಗಡಿಯಲ್ಲಿ ರಿಪೇರಿ ಮಾಡುವ ಶಶಿಕಾಂತ ಅವಳಿಗೆ ಹೇಳಿದ್ದು ಇದು.

“ಬಿಚ್ಚಿಟ್ಟಿದ್ರ ಒಂದು ಬೋರ್ಡ್ ಹಚ್ಚಬೇಕು!” ಎಂದಳು ಅವಳು, ಗೋಡೆ ಹಿಡಿದು ಏಳುತ್ತ.

“ಹಚ್ಚೇನಲ್ರಿ! ಅಲ್ಲಿ ನೋಡ್ರಿ, ‘ಮುಟ್ಟಬ್ಯಾಡ್ರಿ’ ಅಂತ...”

ಬೋರ್ಡ್ ಇತ್ತು. ಆದರೆ ಅಕ್ಷರಗಳು ಅಂಗಡಿಯ ಒಳಗೆ, ಅವನತ್ತಲೇ ಮುಖ ಮಾಡಿದ್ದವು.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಗುಲಾಬಸಾಬರು ಬಿದ್ದು ಬಿದ್ದು ನಕ್ಕರು. “ಬೋರ್ಡ್ ಉಲ್ಟಾ ತೂಗ ಹಾಕಿ ಮಂದಿ ಮ್ಯಾಲೆ ಒದರ್ತೀಯಲ್ಲೋ, ಶಶಿ! ಯವ್ವಾ, ನೀರ ಕುಡಿ. ಸತ್ತಿಲ್ಲಲ್ಲ?”

“ಇಲ್ರಿ ಕಾಕಾ,” ಎಂದಳು ದ್ರಾಕ್ಷಾಯಿಣಿ. ಕೈ ಇನ್ನೂ ಜುಮುಗುಡುತ್ತಿತ್ತು. ಶಶಿಕಾಂತನ ಮುಖ ಕೆಂಪಗಾಗಿತ್ತು. ಅವನು ಬೋರ್ಡನ್ನು ತಿರುಗಿಸಿ ಹಾಕಿದ, ಆಮೇಲೆ ಅವಳ ಕಡೆ ನೋಡಲೇ ಇಲ್ಲ.

‘ಸೊಕ್ಕಿನವ...’ ಎಂದುಕೊಂಡಳು. ಸೊಕ್ಕಲ್ಲ, ನಾಚಿಕೆ ಎಂದು ತಿಳಿಯಲು ಅವಳಿಗೆ ಒಂದು ವಾರ ಬೇಕಾಯಿತು.

ಅಷ್ಟರಲ್ಲಿ ಅವಳ ಅಪ್ಪ ಗುರುಶಿದ್ದಪ್ಪ ಓಣಿಯ ತುದಿಯಿಂದ ಏದುಸಿರು ಬಿಡುತ್ತ ಬಂದ. ಅವನನ್ನು ಕಂಡ ಗುಲಾಬಸಾಬರು ಎದ್ದು ನಿಂತರು.

“ಕಾಲಪೇಟಿ ಗುರುಶಿದ್ದಪ್ಪಾರಲ್ರಿ ನೀವು? ನಿಮ್ಮ ಪೇಟಿ ಕೇಳಾಕ ನಾ ನಾಟಕದ ಟೆಂಟಿನ ಹಿಂದ ನಿಂದರ್ತಿದ್ದೆ!”

ಹೌದು, ಅವನೇ. ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ಕಾಲಪೇಟಿ ನುಡಿಸಿದವ. ಕಾಲಿನಿಂದ ತಿದಿ ಒತ್ತುತ್ತ ಎರಡೂ ಕೈಯಿಂದ ನುಡಿಸುವ ದೊಡ್ಡ ಹಾರ್ಮೋನಿಯಂ ಅದು. ಕಂಪನಿ ಮುಚ್ಚಿತು, ಪೇಟಿ ಕಂಪನಿಯವರ ಜೊತೆಗೇ ಹೋಯಿತು. ಧಾರವಾಡದ ಕೆಲಗೇರಿಯ ಎರಡು ಕೋಣೆಯ ಮನೆಯಲ್ಲಿ ಈಗ ಇದ್ದದ್ದು ಅಪ್ಪ, ಮಗಳು ಮತ್ತು ಈ ಕೀಬೋರ್ಡ್.

“ಒಂದು ಪೆಡಲ್ ಮಾಡಿ ಕೊಡ್ರಿ,” ಎಂದ ಗುರುಶಿದ್ದಪ್ಪ. “ಮತ್ತ ಇದರಾಗ ನನ್ನ ಪೇಟಿ ಸೌಂಡ್ ಬರ್ತೈತೇನು ನೋಡ್ರಿ.”

* * *

ಮೂರು ವಾರ ಹಿಡಿಯಿತು.

ಪೆಡಲ್ ಮಾಡಲು ಶಶಿಕಾಂತನಿಗೆ ಎರಡು ದಿನ ಸಾಕಾಯಿತು. ಒಂದು ಹಲಗೆ, ಮನೆಬಾಗಿಲಿನ ಕರೆಗಂಟೆಯ ಬಟನ್, ಒಂದು ಸ್ಪ್ರಿಂಗ್, ಮೇಲೆ ಹಳೆಯ ಮೊಪೆಡ್ಡಿನ ಬ್ರೇಕ್ ರಬ್ಬರ್. ಉಳಿದ ದಿನಗಳೆಲ್ಲ ಸೌಂಡಿಗೇ ಹೋದವು.

ಕೀಬೋರ್ಡಿನಲ್ಲಿ ಹಾರ್ಮೋನಿಯಂ ಎಂಬ ಸೌಂಡ್ ಇತ್ತು. ಗುರುಶಿದ್ದಪ್ಪ ಕೇಳಿ, “ಇದು ಪೇಟಿ ಅಲ್ಲೋ ತಮ್ಮಾ, ಪೀಪಿ,” ಎಂದ.

ಶಶಿಕಾಂತ ಎರಡು ಸೌಂಡ್ ಕೂಡಿಸಿದ. ಒಂದರ ಶ್ರುತಿಯನ್ನು ಕೂದಲೆಳೆಯಷ್ಟು ಇಳಿಸಿದ. ಸ್ವರ ತಟ್ಟನೆ ಹುಟ್ಟದೆ ಗಾಳಿ ತುಂಬಿಕೊಂಡಂತೆ ಏಳಲಿ ಎಂದು ಅದರ ವೇಗ ತಗ್ಗಿಸಿದ. ಗುಂಯ್‌ಗುಡುವ ಎಕೋ ತೆಗೆದ.

“ಇನ್ನಷ್ಟು ಉಸರ ಬೇಕು,” ಎಂದ ಗುರುಶಿದ್ದಪ್ಪ. ಮರುದಿನ, “ಈಗ ಉಸರ ಹೆಚ್ಚಾತು, ದಮ್ಮಿನ ಜಡ್ಡಾದಾಂವ ಹಾಡಿದಂಗಾತು.”

ದ್ರಾಕ್ಷಾಯಿಣಿ ನುಡಿಸುವುದು, ಅಪ್ಪ ತಲೆಯಲ್ಲಾಡಿಸುವುದು, ಶಶಿಕಾಂತ ಮತ್ತೆ ಬಟನ್ನುಗಳ ಮೇಲೆ ಬಗ್ಗುವುದು... ಅವನ ಬೆರಳುಗಳ ಮೇಲೆ ಬೆಸುಗೆ ಕಡ್ಡಿ ತಾಗಿ ಸುಟ್ಟ ಗುರುತುಗಳಿದ್ದವು. ಅವಳು ಒಂದು ದಿನ ಅವನ್ನು ಎಣಿಸಿದಳು. ಆರು! ಇನ್ನೊಬ್ಬನ ಕೈಯ ಗುರುತು ಎಣಿಸುತ್ತ ಕೂತಿದ್ದೇನಲ್ಲ ಎಂದು ತನಗೆ ತಾನೇ ಬೆಚ್ಚಿಬಿದ್ದಳು.

“ನಿಮಗ ಸಂಗೀತ ಬರ್ತೈತೇನ್ರಿ?”

“ಇಲ್ರಿ. ತಪ್ಪು ಎಲ್ಲೈತಿ ಅಂತ ಕೇಳಾಕ ಬರ್ತೈತಿ, ಅಷ್ಟ.”

“ನನ್ನ ಕಡೆ ಎಷ್ಟು ತಪ್ಪು ಕೇಳಿದ್ರಿ?”

ಅವನು ಸ್ಕ್ರೂ ಡ್ರೈವರ್ ಕೈಯಲ್ಲೇ ಇಟ್ಟುಕೊಂಡು ಸ್ಕ್ರೂ ಡ್ರೈವರ್ ಹುಡುಕಿದ. ಗುಲಾಬಸಾಬರು ಪತ್ರಿಕೆಯ ಹಿಂದೆ ಕೆಮ್ಮಿದರು.

ಇಪ್ಪತ್ತನೆಯ ದಿನ ಅವಳು ನುಡಿಸುತ್ತಿದ್ದಾಗ ಗುರುಶಿದ್ದಪ್ಪನ ಬಲಗಾಲು ತಾನಾಗಿ ನೆಲ ಒತ್ತತೊಡಗಿತು. ಇಲ್ಲದ ತಿದಿಯನ್ನು ಒತ್ತುತ್ತಿತ್ತು ಆ ಕಾಲು.

“ಹಾಂ... ಇದ. ಬರೋಬ್ಬರಿ ಆತು. ಇದನ್ನ ಮುಟ್ಟಬ್ಯಾಡ್ರಿ ಇನ್ನ.”

ಅಷ್ಟು ಹೇಳಿ ಕುಡಿಯಲು ನೀರು ಕೇಳಿದ. ಶಶಿಕಾಂತ ಆ ಸೌಂಡನ್ನು ಕೀಬೋರ್ಡಿನ ಮೆಮೊರಿಯಲ್ಲಿ ಎಂಟನೇ ನಂಬರಿಗೆ ಹಾಕಿದ. “ಒಳಗಿನ ಸೆಲ್ ತಗೀಬ್ಯಾಡ್ರಿ. ಸೆಲ್ ತಗದು ವಾಯರೂ ಕಿತ್ರ ಎಲ್ಲಾ ಅಳಿಸಿ ಹೋಗ್ತೈತಿ,” ಎಂದ.

ಪೆಡಲನ್ನು ಮಗಳ ಕೈಗೆ ಕೊಡುವಾಗ ಗುರುಶಿದ್ದಪ್ಪ ಹೇಳಿದ: “ದಾಕ್ಷೀ, ಕಾಲ ಹಚ್ಚೂ ಮೊದಲ ಕೈ ಹಚ್ಚಬೇಕು. ಎಡಗೈ ಪೇಟಿ ಮ್ಯಾಲೆ, ಬಲಗೈ ಕೆಳಗ. ಎರಡೂ ಒಂದ ಸಲ. ಕಾಲ ಹಚ್ಚಾಕತ್ತೇನಿ, ಸಿಟ್ಟಾಗಬ್ಯಾಡವ್ವಾ ಅಂತ ಬೇಡ್ಕೊಂಡು ಕಣ್ಣಿಗೆ ಒತ್ಕೋಬೇಕು.”

“ಗೊತ್ತೈತಿ ಅಪ್ಪಾ. ಸಣ್ಣಾಕಿದ್ದಾಗಿಂದ ನೋಡೇನಿ.”

* * *

ಹುಬ್ಬಳ್ಳಿಯ ಆರ್ಕೆಸ್ಟ್ರಾ ಒಂದರ ಯಜಮಾನ ಬಿಂದುಮಾಧವ. ಜರಿ ಕೋಟು ಹಾಕಿ ಮೈಕಿನಲ್ಲಿ ಮಾತಾಡುವವ. ವಿದ್ಯಾನಗರದ ಕಲ್ಯಾಣ ಮಂಟಪವೊಂದರಲ್ಲಿ ಮದುವೆಯ ಆರತಕ್ಷತೆ ಇತ್ತು. ಅಲ್ಲಿ ದ್ರಾಕ್ಷಾಯಿಣಿ ಚೆನ್ನಾಗಿ ನುಡಿಸಿದರೆ ಅವಳು ತಂಡದ ಕಾಯಂ ಕೀಬೋರ್ಡಿನವಳು. ಮರುವಾರವೇ ಸೋಲಾಪುರ, ಮಿರಜ, ಗೋವಾ ಎಂದು ನಾಲ್ಕು ತಿಂಗಳ ಟೂರ್. ಇಪ್ಪತ್ತಮೂರು ವರ್ಷದ ಅವಳಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ಶಶಿಕಾಂತ ಬಸ್ ಸ್ಟ್ಯಾಂಡಿನವರೆಗೆ ಕೀಬೋರ್ಡ್ ಹೊತ್ತು ತಂದ. ಧಾರವಾಡದ ಬಸ್ಸು ಹೊರಡುವುದರಲ್ಲಿತ್ತು.

“ಟೂರಿಗೆ... ಹೋಗಬ್ಯಾಡ್ರಿ,” ಎಂದ.

ಅವಳು ದಂಗಾದಳು. “ಏನಂದ್ರಿ?”

“ಹೋಗಬ್ಯಾಡ್ರಿ ಅಂದೆ.”

“ಯಾಕ?”

ಅವನು ಕೀಬೋರ್ಡನ್ನು ಬಸ್ಸಿನ ಸೀಟಿನ ಮೇಲಿಟ್ಟು ಕೆಳಗಿಳಿದ. ಬಸ್ಸು ಹೊರಟಿತು.

ಅವಳ ಮನಸ್ಸು ಬಸ್ಸಿಗಿಂತ ಜೋರಾಗಿ ಓಡುತ್ತಿತ್ತು. ‘ಮೂರು ವಾರ ನನಗಾಗಿ ಕಷ್ಟಪಟ್ಟವನು ಇದೇಕೆ ಹೀಗೆ ಹೇಳಿದ? ಹೆಂಗಸು ಊರೂರು ತಿರುಗಬಾರದು ಅಂತಲೇ? ಇವನೂ ಎಲ್ಲರ ಹಾಗೆಯೇ?’

ಆ ರಾತ್ರಿ ಮನೆಯಲ್ಲಿ ಕೀಬೋರ್ಡಿನ ಕೌದಿಯನ್ನೂ ಬಿಚ್ಚಲಿಲ್ಲ. ಪ್ರೀತಿ ಎಂಬ ಇನ್ನೊಂದು ಉತ್ತರವೂ ಇದೆ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವಂತೆ ಅವನು ಹೇಳಿರಲೂ ಇಲ್ಲ.

* * *

ಮರುದಿನ ಸಂಜೆ ಆರೂವರೆ. ಮೂರನೆಯ ಸಾಲಿನಲ್ಲಿ ಗುರುಶಿದ್ದಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ.

ದ್ರಾಕ್ಷಾಯಿಣಿ ವೇದಿಕೆಯ ಮೇಲೆ ಬಗ್ಗಿದಳು. ಎಡಗೈ ಮೇಲೆ, ಬಲಗೈ ಕೆಳಗೆ. ಕಣ್ಣು ಮುಚ್ಚಿ ಬೇಡಿಕೊಂಡಳು. ಕೀಬೋರ್ಡಿನ ದೀಪ ಹತ್ತಿತು. ಎಂಟನೇ ನಂಬರ್ ಒತ್ತಿ, ಕೂತು, ನುಡಿಸಿದಳು.

ಮೊದಲ ಸ್ವರ ನಿಲ್ಲಲೇ ಇಲ್ಲ.

ಬೆರಳೆತ್ತಿದಳು. ಸ್ವರ ಅಲ್ಲೇ ಇತ್ತು! ಎರಡನೆಯದು ಅದರ ಮೇಲೆ ಬಿತ್ತು, ಮೂರನೆಯದು ಅವೆರಡರ ಮೇಲೆ. ಗಾಬರಿಯಿಂದ ಪೆಡಲ್ ಒತ್ತಿದಳು. ಎಲ್ಲ ಸ್ವರಗಳೂ ಒಮ್ಮೆಗೇ ಸತ್ತವು. ಕಾಲು ತೆಗೆದು ನುಡಿಸಿದಳು. ಮತ್ತೆ ಎಲ್ಲವೂ ಮುದ್ದೆಗಟ್ಟಿ ಊಳಿಡತೊಡಗಿದವು. ಒತ್ತಿದರೆ ಉಳಿಯಬೇಕಾದದ್ದು ಸಾಯುತ್ತಿತ್ತು, ಬಿಟ್ಟರೆ ಸಾಯಬೇಕಾದದ್ದು ಉಳಿಯುತ್ತಿತ್ತು!

“ಜೇನುಹುಳ ಬಿಟ್ಟಾರೇನ್ರೀ!” ಹಿಂದಿನಿಂದ ಯಾರೋ ಕೂಗಿದರು. ಮಂಟಪವೆಲ್ಲ ನಕ್ಕಿತು. ಮದುಮಗಳೂ ನಕ್ಕಳು.

ಬಿಂದುಮಾಧವ ಬಂದು ಮಿಕ್ಸರಿನಲ್ಲಿ ಅವಳ ಸೌಂಡನ್ನು ಪೂರ್ತಿ ಇಳಿಸಿದ. ಉಳಿದ ಎರಡು ತಾಸು ಅವಳು ಸದ್ದಿಲ್ಲದ ಕೀಬೋರ್ಡಿನ ಮುಂದೆ ಸುಮ್ಮನೆ ಕೂತಳು. ಮೂರನೆಯ ಸಾಲಿನತ್ತ ನೋಡುವ ಧೈರ್ಯವಾಗಲಿಲ್ಲ.

ಕೊನೆಗೆ ಬಿಂದುಮಾಧವ ಪೆಡಲನ್ನು ಕೈಯಲ್ಲಿ ತಿರುಗಿಸಿ ನೋಡಿದ. “ಯಾರು ಮಾಡಿಕೊಟ್ಟಾರ ಇದನ್ನ? ಉಲ್ಟಾ ಅದ. ಹಿಂಗ ತಾನಾಗಿ ಆಗೂದಿಲ್ಲ ತಂಗಿ, ಯಾರೋ ಬೇಕಂತ್ಲೇ ಮಾಡ್ಯಾರ. ನಿನ್ನ ಮ್ಯಾಲೆ ಯಾರಿಗೆ ಸಿಟ್ಟದ?”

*ಹೋಗಬ್ಯಾಡ್ರಿ.*

ಅವಳು ಪೆಡಲನ್ನು ಅವನ ಕೈಯಿಂದ ಕಸಿದುಕೊಂಡಳು.

* * *

“ಹೋಗಬ್ಯಾಡ ಅಂದ್ರಿ, ಹೋಗದಂಗ ಮಾಡಿದ್ರಿ! ಖುಷಿ ಆತೇನ್ರಿ?”

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವಳು ಪೆಡಲನ್ನು ಟೇಬಲ್ಲಿನ ಮೇಲೆ ಎಸೆದಳು. ಶಶಿಕಾಂತ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದ.

“ಏನ್ ಆತ್ರಿ?”

“ಉಲ್ಟಾ ಮಾಡಿ ಕೊಟ್ಟು ಏನಾತು ಅಂತ ಕೇಳ್ತೀರಿ?”

ಅವನು ಅವಳು ತಂದಿದ್ದ ಕೀಬೋರ್ಡಿನ ಕೌದಿ ಬಿಚ್ಚಿ, ಪೆಡಲ್ ಜೋಡಿಸಿ, ಸ್ವಿಚ್ ಹಾಕಿ ಒತ್ತಿ ನೋಡಿದ. ಸರಿಯಾಗಿತ್ತು! ಒತ್ತಿದರೆ ಸ್ವರ ಉಳಿಯಿತು, ಬಿಟ್ಟರೆ ಹೋಯಿತು. ಮೂರು ಸಲ ನೋಡಿದ. ಮೂರು ಸಲವೂ ಸರಿ.

“ನೋಡ್ರಿ... ಬರೋಬ್ಬರಿ ಐತಲ್ರಿ...”

“ಈಗ ನನ್ನ ಕಣ್ಣ ಮುಂದ ಹೆಂಗೋ ತಿರುವಿ ಹಚ್ಚಿದ್ರಿ! ನಿನ್ನೆ ನನ್ನ ಮಾನ ಹೋಗೂ ಹೊತ್ತಿನ್ಯಾಗ ಯಾಕ ಬರೋಬ್ಬರಿ ಇರಲಿಲ್ಲ? ನನ್ನಪ್ಪ ಮೂರನೇ ಸಾಲಿನ್ಯಾಗ ಕುಂತಿದ್ದ, ಗೊತ್ತೈತೇನು ನಿಮಗ?”

“ನಾ ಮಾಡಿಲ್ರಿ.”

“ಹೋಗಬ್ಯಾಡ ಅಂದಿದ್ದೂ ನೀವಲ್ಲೇನು?”

“ಅದು... ಅಂದೀನಿ.”

“ಯಾಕ ಅಂದ್ರಿ?”

ನಾಲ್ಕು ಗಿರಾಕಿಗಳು ಅವನ ಬಾಯನ್ನೇ ನೋಡುತ್ತಿದ್ದರು. ಅಲ್ಲಿ ಹೇಗೆ ಹೇಳಬೇಕು? ಅವನು ತಲೆ ತಗ್ಗಿಸಿದ. ತಲೆ ತಗ್ಗಿಸಿದವನೇ ತಪ್ಪಿತಸ್ಥ ಎಂದು ಎಲ್ಲರೂ ತಿಳಿದರು, ಅವಳು ಎಲ್ಲರಿಗಿಂತ ಮೊದಲು.

ಮನೆಗೆ ಬಂದವಳೇ ಕೀಬೋರ್ಡಿನ ಕೆಳಗಿನ ಮುಚ್ಚಳ ತೆರೆದು ಆರೂ ಸೆಲ್ಲುಗಳನ್ನು ಕಿತ್ತಳು. ಅವನು ಮಾಡಿದ್ದು ಯಾವುದೂ ಇದರಲ್ಲಿರಬಾರದು!

ಅಪ್ಪ ಹಾಸಿಗೆಯ ಮೇಲೆ ಕೂತು ನೋಡಿದ.

ಆ ವರ್ಷದ ಶ್ರಾವಣದಲ್ಲಿ ಅವನಿಗೆ ಎರಡು ದಿನ ಜ್ವರ ಬಂತು. ಮೂರನೆಯ ದಿನ ಅವನಿರಲಿಲ್ಲ.

* * *

ಎರಡು ಸಾವಿರದ ಜುಲೈ. ದ್ರಾಕ್ಷಾಯಿಣಿ ಕೆಲಗೇರಿಯ ಮನೆಯಲ್ಲೇ ಹುಡುಗಿಯರಿಗೆ ಕೀಬೋರ್ಡ್ ಪಾಠ ಹೇಳುತ್ತಿದ್ದಳು. ಪೆಡಲಿಲ್ಲದೆಯೇ. ಒಬ್ಬ ವಿದ್ಯಾರ್ಥಿನಿಯ ಮನೆಯವರು ಮುಂಬೈಯಿಂದ ಒಂದು ಪೆಡಲ್ ತಂದುಕೊಟ್ಟರು. ಕಂಪನಿಯದು, ಪ್ಯಾಕೆಟ್ಟಿನ ಸೀಲ್ ಕೂಡ ಒಡೆದಿರಲಿಲ್ಲ.

ಸೀಲ್ ಒಡೆದಳು. ಜೋಡಿಸಿದಳು. ಬಗ್ಗಿದಳು. ಎಡಗೈ ಮೇಲೆ, ಬಲಗೈ ಕೆಳಗೆ. ದೀಪ ಹತ್ತಿತು. ಒಂದು ಸ್ವರ ನುಡಿಸಿ ಬೆರಳೆತ್ತಿದಳು.

ಸ್ವರ ನಿಲ್ಲಲಿಲ್ಲ!

ಅವಳು ನೆಲದ ಮೇಲೆ ಕೂತುಬಿಟ್ಟಳು. ಆ ಒಂದೇ ಸ್ವರ ಮನೆಯೊಳಗೆ ಊಳಿಡುತ್ತಲೇ ಇತ್ತು.

‘ಇದಕ್ಕೆ ಅವನು ಕೈ ಹಚ್ಚಿಲ್ಲ... ಇದನ್ನು ಅವನು ನೋಡಿಯೂ ಇಲ್ಲ...’

ಒಂದು ತಾಸಿನಲ್ಲಿ ಅವಳು ಕೌದಿಯಲ್ಲಿ ಸುತ್ತಿದ ಕೀಬೋರ್ಡಿನೊಂದಿಗೆ ಗುಲಾಬಸಾಬರ ಅಂಗಡಿಯಲ್ಲಿದ್ದಳು. ಟೇಬಲ್ಲಿನ ಹಿಂದೆ ಅವರೊಬ್ಬರೇ ಇದ್ದರು.

“ಶಶಿಕಾಂತ... ಎಲ್ಲಿ ಕಾಕಾ?”

ಗುಲಾಬಸಾಬರು ಕನ್ನಡಕ ತೆಗೆದರು. “ಸತ್ತೂರ ದವಾಖಾನಿ ಸೇರಿ ವರ್ಷದ ಮ್ಯಾಲಾತು.”

“ದವಾಖಾನಿ?!” ಅವಳು ಕೀಬೋರ್ಡನ್ನು ಟೇಬಲ್ಲಿನ ಮೇಲಿಟ್ಟು ಮುಂದೆ ಬಗ್ಗಿದಳು. “ಏನಾಗೇತ್ರಿ ಅವರಿಗೆ?”

“ಏ, ಜಡ್ಡಲ್ಲವ್ವ, ನೌಕರಿ! ಮಷಿನ್ ರಿಪೇರಿ ಮಾಡ್ತಾನ.” ನಗಲಿಲ್ಲ ಅವರು. “ನೀ ಒದರಿ ಹೋದ ಮ್ಯಾಲೆ ಆರ್ಕೆಸ್ಟ್ರಾದವ್ರು ಒಬ್ಬರೂ ಇತ್ತ ಹಾಯಲಿಲ್ಲ. ನಾ ಏನೂ ಅನ್ನಲಿಲ್ಲ, ಅಂವ ತಾನ ಬಿಟ್ಟು ಹ್ವಾದ. ಈಗ ಯಾಕ ಬಂದಿ? ಇನ್ನೊಮ್ಮೆ ಒದರಾಕ?”

“ಕೇಳಾಕ ಬಂದೀನಿ ಕಾಕಾ,” ಎಂದಳು. ಅಳು ಬಂತು. ಅಳುತ್ತಲೇ ಆಟೋ ಹತ್ತಿದಳು.

* * *

ಆಸ್ಪತ್ರೆಯ ಹಿಂಬದಿಯ ಶೆಡ್ಡಿನಲ್ಲಿ ಶಶಿಕಾಂತ ಯಾವುದೋ ಮಷಿನ್ನಿನ ಹೊಟ್ಟೆಯಲ್ಲಿ ತಲೆ ಹಾಕಿದ್ದ. ತಲೆಯೆತ್ತಿದ. ಅವಳನ್ನು ನೋಡಿದ. ಕೌದಿ ನೋಡಿದ. ಕೈಯಲ್ಲಿದ್ದ ನಟ್ಟು ಕೆಳಗೆ ಬಿತ್ತು.

“ಮತ್ತ ಉಲ್ಟಾ ಆತೇನ್ರಿ?”

“ಹೂಂ. ಇದು ಕಂಪನೀದು, ಹೊಸಾದು,” ಎಂದು ಪೆಡಲ್ ಮುಂದಿಟ್ಟಳು.

ಅವನು ಪೆಡಲ್ ಜೋಡಿಸಿ ಸ್ವಿಚ್ ಹಾಕಿದ. ಸರಿಯಾಗಿತ್ತು! ಇಬ್ಬರೂ ಮುಖ ಮುಖ ನೋಡಿಕೊಂಡರು.

ಅವನು ಸ್ವಿಚ್ ಆರಿಸಿದ. “ಈಗ ನೀವು ಚಾಲೂ ಮಾಡ್ರಿ. ಮನ್ಯಾಗ ಹೆಂಗ ಮಾಡ್ತೀರಿ, ಹಂಗ.”

ಅವಳು ಬಗ್ಗಿದಳು. ಬಲಗೈಯಿಂದ ನೆಲದ ಪೆಡಲನ್ನು ಮುಟ್ಟಿ ಒತ್ತಿದಳು, ಎಡಗೈಯನ್ನು ಕೀಬೋರ್ಡಿನ ಎಡತುದಿಯಲ್ಲಿಟ್ಟಳು. ಅಲ್ಲೇ ಸ್ವಿಚ್ ಇತ್ತು. ಹೆಬ್ಬೆರಳಿನಿಂದ ಅದನ್ನು ಒತ್ತಿದಳು. ಆಮೇಲೆ ಎರಡೂ ಕೈ ಕಣ್ಣಿಗೆ ಒತ್ತಿಕೊಂಡಳು.

“ನಿಂದರ್ರಿ!” ಅವನ ಸ್ವರಕ್ಕೆ ಅವಳು ಬೆಚ್ಚಿದಳು. “ಏನ್ ಮಾಡಿದ್ರಿ ಈಗ?”

“ಏನೂ ಇಲ್ರಿ... ನಮಸ್ಕಾರ.”

“ಪೆಡಲ್ ಒತ್ತಿ ಹಿಡದು ಸ್ವಿಚ್ ಹಾಕಿದ್ರಿ!”

“ಹೂಂ. ಎರಡೂ ಕೈ ಒಂದ ಸಲ...”

ಅವನು ಗೋಡೆಗೆ ಒರಗಿದ. “ಇಲ್ಲಿ ಬಂದ ಮ್ಯಾಲೆ ಮೊದಲ ದಿನ ನನಗ ಕಲಿಸಿದ್ದು ಇದ ನೋಡ್ರಿ. ಮಷಿನ್ ಚಾಲೂ ಆಗುವಾಗ ಯಾವ ಬಟನ್ನೂ ಒತ್ತಿ ಹಿಡೀಬಾರದು. ಆ ಹೊತ್ತಿನ್ಯಾಗ ಹೆಂಗ ಇರ್ತೈತಿ, ಅದ ನೆಟ್ಟಗ ಅಂತ ಅದು ತಿಳ್ಕೊಂತೈತಿ. ನೀವು ಒತ್ತಿದಾಗ ಚಾಲೂ ಆತು. ಒತ್ತಿದ್ದ ಬಿಟ್ಟಂಗ, ಬಿಟ್ಟಿದ್ದ ಒತ್ತಿದಂಗ ಅಂತ ತಿಳೀತು. ಅಂಗಡ್ಯಾಗ ಯಾವಾಗ್ಲೂ ಸ್ವಿಚ್ ನಾನ ಹಾಕ್ತಿದ್ದೆ. ನಾ ನಮಸ್ಕಾರ ಮಾಡ್ತಿರಲಿಲ್ಲ.”

ದ್ರಾಕ್ಷಾಯಿಣಿ ಒಂದು ಕೀ ಒತ್ತಿ ಬಿಟ್ಟಳು. ಸ್ವರ ನಿಲ್ಲಲಿಲ್ಲ. ಶೆಡ್ಡಿನ ತಗಡು ಅದರಿಂದ ನಡುಗುತ್ತಿತ್ತು.

ನಮಸ್ಕಾರ! ಸಿಟ್ಟಾಗಬ್ಯಾಡವ್ವಾ ಎಂದು ಬೇಡಿಕೊಂಡದ್ದರಿಂದಲೇ ಎಲ್ಲವೂ ಹೋಯಿತು!

“ನಾ ನಿಮಗ ನಾಲ್ಕು ಮಂದಿ ಮುಂದ...”

“ಬಿಡ್ರಿ. ನಂಗೂ ತಿಳೀಲಿಲ್ಲ. ತಪ್ಪು ಕೇಳಾಕ ಬರ್ತೈತಿ ಅಂತ ದೊಡ್ಡದಾಗಿ ಹೇಳಿದ್ದೆ.” ಅವನು ಸ್ವಿಚ್ ಆರಿಸಿ, ಮತ್ತೆ ಹಾಕಿದ. “ಎಂಟನೇ ನಂಬರ್ ನುಡಸ್ರಿ. ಭಾಳ ದಿನಾ ಆತು ಕೇಳಿ.”

“ಇಲ್ರಿ. ಸೆಲ್ ತಗದಿದ್ದೆ.”

“...ಇರ್ಲಿ. ಮತ್ತ ಮಾಡೂಣು. ಅಪ್ಪಾರನ್ನ ಕರ್ಕೊಂಡು ಬರ್ರಿ.”

ಅವಳು ಅವನ ಮುಖ ನೋಡಿದಳು. ಅವನಿಗೆ ಅರ್ಥವಾಯಿತು.

“ಯಾವಾಗ?” ಎಂದು ಕೇಳಿದ.

“ಹ್ವಾದ ಶ್ರಾವಣದಾಗ.”

ಅವನು ಬಿದ್ದ ನಟ್ಟನ್ನು ಹುಡುಕಿ ಎತ್ತಿಕೊಂಡ. ಅದು ಅವನಿಗೆ ಬೇಕಾಗಿರಲಿಲ್ಲ.

“ಸ್ವಿಚ್ ಹಾಕಿ ಐದು ಎಣಿಸ್ರಿ,” ಎಂದ ಕೊನೆಗೆ. “ಆಮ್ಯಾಲೆ ನಮಸ್ಕಾರ ಮಾಡ್ರಿ. ಅಷ್ಟು ಮಾಡಿದ್ರ ಸಾಕು.”

“ಅಪ್ಪ ಹಂಗ ಕಲಿಸಿಲ್ಲ. ಎರಡೂ ಕೈ ಒಂದ ಸಲ ಹೋಗಬೇಕು, ಕಾಲ ಹಚ್ಚೂ ಮೊದಲ.”

“ಹಂಗಾರ ಕೈ ಎರಡೂ ಇಡ್ರಿ, ನಮಸ್ಕಾರ ಮಾಡಿ ತಗೀರಿ. ನೀವು ಕೈ ತಗದ ಮ್ಯಾಲೆ ಸ್ವಿಚ್ ನಾ ಹಾಕ್ತೀನಿ.”

“ದಿನಾ?”

“ದಿನಾ.”

“ಸತ್ತೂರಿಂದ ಕೆಲಗೇರಿಗೆ ದಿನಾ ಬರ್ತೀರೇನು, ಒಂದು ಸ್ವಿಚ್ ಹಾಕಾಕ?”

“ಒಂದ ಮನ್ಯಾಗ ಇದ್ರ... ಬರೂದು ಯಾಕ ಬೇಕ್ರಿ?”

ಮೊಣಕೈಯವರೆಗೆ ಮತ್ತೆ ಅದೇ ಸುತ್ತಿಗೆ ಹೊಡೆಯಿತು! ಈ ಸಲ ಅವಳನ್ನು ಸ್ಟೂಲಿನಿಂದ ತಳ್ಳಲು ಯಾರೂ ಇರಲಿಲ್ಲ.

“ಇದನ್ನ... ಇದನ್ನ ಅವತ್ತ ಬಸ್ ಸ್ಟ್ಯಾಂಡಿನ್ಯಾಗ ಹೇಳಾಕ ಏನಾಗಿತ್ತು? ಒಂದು ಬೋರ್ಡ್ ಹಚ್ಚಬೇಕಿಲ್ಲೇನ್ರಿ?”

“ಹಚ್ಚಿದ್ನಲ್ರಿ,” ಎಂದ ಶಶಿಕಾಂತ. “ಉಲ್ಟಾ ತೂಗ ಹಾಕಿದ್ದೆ.”

ಅವಳು ನಕ್ಕಳು, ಅತ್ತಳು, ಅವನ ಸುಟ್ಟ ಬೆರಳುಗಳನ್ನು ಹಿಡಿದುಕೊಂಡು ಎಣಿಸಿದಳು. ಗುರುತುಗಳು ಒಂಬತ್ತಾಗಿದ್ದವು.

“ಬರ್ರಿ,” ಎಂದಳು. “ಸ್ವಿಚ್ ಹಾಕ್ರಿ.”

ಆ ಮಧ್ಯಾಹ್ನ ಅವರು ಮಾಡಿದ ಸೌಂಡನ್ನು ಒಂಬತ್ತನೇ ನಂಬರಿಗೆ ಹಾಕಿದರು. ಎಂಟನ್ನು ಖಾಲಿ ಬಿಟ್ಟರು.

ಹೋದದ್ದು ಇಷ್ಟು. ಹದಿನೇಳು ತಿಂಗಳು. ನಾಲ್ಕು ತಿಂಗಳ ಒಂದು ಟೂರ್. ಗುಲಾಬಸಾಬರ ಅಂಗಡಿಯಲ್ಲಿ ಒಂದು ಕೆಲಸ. ಮೆಮೊರಿಯಲ್ಲಿದ್ದ ಒಂದು ಸೌಂಡ್. ಬರೋಬ್ಬರಿ ಆಯಿತೋ ಇಲ್ಲವೋ ಎಂದು ಹೇಳಬಲ್ಲ ಎರಡು ಕಿವಿ.